ಬರಗಾಲದ ಕೂಲಿಯಲ್ಲಿ ಎದ್ದ ಏರಿ: ಬೆಂಗಳೂರು–ಮೈಸೂರು ಪ್ಯಾಸೆಂಜರ್ ರೈಲಿನ ಕಥೆ

ಹೋದ ತಿಂಗಳು ಒಂದು ಬೆಳಿಗ್ಗೆ ಮಂಡ್ಯ ಕಡೆಯಿಂದ ಮೈಸೂರಿಗೆ ರೈಲಿನಲ್ಲಿ ಹೊರಟಿದ್ದೆವು. ಎದುರಿನ ಸೀಟಿನಲ್ಲಿ ಅರವತ್ತು ದಾಟಿದ ಒಬ್ಬ ಅಜ್ಜಿ ಕೂತಿದ್ದರು. ಕಾಲ ಬಳಿ ಸೊಪ್ಪಿನ ಮೂಟೆ, ಕೈಯಲ್ಲಿ ಟಿಕೇಟು. ಟೀಸಿ ಬಂದು ಟಿಕೇಟು ನೋಡಿ, "ಅಮ್ಮ, ಇದು ಪ್ಯಾಸೆಂಜರ್ ಗಾಡಿ ಟಿಕೇಟು. ನೀವು ಹತ್ತಿರೋದು ಎಕ್ಸ್‌ಪ್ರೆಸ್. ದಂಡ ಕಟ್ಟಬೇಕು" ಅಂದರು.

ಅಜ್ಜಿಗೆ ಅರ್ಥವಾಗಲಿಲ್ಲ. "ದುಡ್ಡು ಕೊಟ್ಟೇ ತಗಂಡಿವ್ನಿ ಕಣಪ್ಪ. ಅದೂ ಮೈಸೂರ್‌ಗೇ ಹೋಯ್ತದೆ, ಇದೂ ಮೈಸೂರ್‌ಗೇ ಹೋಯ್ತದೆ. ಅದ್ಕೂ ಇದ್ಕೂ ಏನಪ್ಪ ವ್ಯತ್ಯಾಸ?" ಎಂದು ಕೇಳಿದರು.

ಬೋಗಿಯಲ್ಲಿದ್ದ ಯಾರೂ ಅವರಿಗೆ ಉತ್ತರ ಹೇಳಲಿಲ್ಲ. ಎಲೆಅಡಿಕೆ ಚೀಲದಿಂದ ನೋಟು ಎಣಿಸಿ ದಂಡ ಕಟ್ಟಿದರು. ಅಂದಿನ ಸೊಪ್ಪಿನ ವ್ಯಾಪಾರದಲ್ಲಿ ಅವರಿಗೆ ಅಷ್ಟು ಗಿಟ್ಟಿತೋ ಇಲ್ಲವೋ.

ಟೀಸಿ ಹೇಳಿದ್ದು ನಿಯಮದ ಪ್ರಕಾರ ಸರಿ. ಆದರೆ ಅಜ್ಜಿ ಕೇಳಿದ ಪ್ರಶ್ನೆಯೂ ಸಣ್ಣದಲ್ಲ. ಪ್ಯಾಸೆಂಜರ್ ಗಾಡಿ ಅಂದರೆ ಏನು, ಅದು ಯಾರಿಗಾಗಿ ಓಡುತ್ತದೆ, ಈ ದಾರಿಗೆ ಅದು ಬಂದದ್ದಾದರೂ ಹೇಗೆ? ಇದನ್ನು ಹೇಳಬೇಕಾದರೆ ಸುಮಾರು 150 ವರ್ಷ ಹಿಂದಕ್ಕೆ ಹೋಗಬೇಕು.

ಬೆಂಗಳೂರಿಗೆ ಬಂದು ನಿಂತ ಅಕ್ಕಿ

ನಮ್ಮ ದೇಶದಲ್ಲಿ ಮೊದಲ ಪ್ರಯಾಣಿಕರ ರೈಲು ಓಡಿದ್ದು 1853ರ ಏಪ್ರಿಲ್ 16ರಂದು, ಬೊಂಬಾಯಿಯಿಂದ ಠಾಣೆಗೆ. ಬೆಂಗಳೂರಿಗೆ ರೈಲು ಬಂದದ್ದು 1864ರಲ್ಲಿ. ಮದರಾಸಿನ ಕಡೆಯಿಂದ ಜೋಲಾರ್‌ಪೇಟೆ ಮೂಲಕ ಬಂದ ಆ ಹಳಿ ದಂಡು ಪ್ರದೇಶಕ್ಕೆ, ಅಂದರೆ ಇಂದಿನ ಕಂಟೋನ್ಮೆಂಟ್ ಸ್ಟೇಷನ್ನಿಗೆ ಬಂದು ಮುಗಿಯುತ್ತಿತ್ತು. ಅಲ್ಲಿ ಬ್ರಿಟಿಷರ ಸೈನ್ಯವಿತ್ತು. ಸೈನ್ಯಕ್ಕೆ ಬೇಕಾದ ರೈಲು ಸೈನ್ಯದವರೆಗೆ ಬಂತು. ಅದರಾಚೆ ಮೈಸೂರು ಸಂಸ್ಥಾನದ ಹಳ್ಳಿಗಳಿಗೆ ಎತ್ತಿನ ಗಾಡಿಯೇ ಗತಿ. ಮುಂದಿನ ಹನ್ನೆರಡು ವರ್ಷ ಇದನ್ನು ಯಾರೂ ದೊಡ್ಡ ಕೊರತೆ ಎಂದು ಎಣಿಸಲಿಲ್ಲ.

ಆಮೇಲೆ ಬರ ಬಂತು. ಧಾತು ಸಂವತ್ಸರ ಮತ್ತು ಈಶ್ವರ ಸಂವತ್ಸರ, ಅಂದರೆ 1876ರಿಂದ 1878. ನಮ್ಮ ಅಜ್ಜ ಅಜ್ಜಿಯರ ಬಾಯಲ್ಲಿ ಇದು 'ಧಾತು ಈಶ್ವರದ ಬರ'. ಸಾಲಾಗಿ ಮಳೆ ಕೈಕೊಟ್ಟಿತು. ಕೆರೆ ಒಣಗಿದವು, ರಾಗಿ ಹೋಯಿತು, ಹುಲ್ಲೂ ಹೋಯಿತು.

ಆ ಬರದಲ್ಲಿ ರೈಲಿನ ಬೆಲೆ ಏನೆಂದು ಎಲ್ಲರಿಗೂ ಗೊತ್ತಾಯಿತು. ಹೊರಗಿನಿಂದ ಬಂದ ಧಾನ್ಯ ರೈಲಿನಲ್ಲಿ ಬೆಂಗಳೂರು ಮುಟ್ಟುತ್ತಿತ್ತು. ಅಲ್ಲಿಂದ ಮುಂದೆ ಸಾಗಿಸಲು ಎತ್ತುಗಳು ಬೇಕು. ಎತ್ತುಗಳು ಮೇವಿಲ್ಲದೆ ಸಾಯುತ್ತಿದ್ದವು. ಬದುಕಿದ್ದವಕ್ಕೆ ಗಾಡಿ ಎಳೆಯುವ ಶಕ್ತಿ ಇರಲಿಲ್ಲ. ಹೀಗಾಗಿ ಬೆಂಗಳೂರಿನಲ್ಲಿ ಮೂಟೆ ಇಳಿಯುತ್ತಿದ್ದಾಗಲೂ ಒಳನಾಡಿನಲ್ಲಿ ಜನ ಉಪವಾಸದಿಂದ ಸತ್ತರು.

ಎಷ್ಟು ಜನ ಎಂದು ಜನಗಣತಿಯ ಲೆಕ್ಕವೇ ಹೇಳುತ್ತದೆ. 1871ರಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50.5 ಲಕ್ಷ. ಹತ್ತು ವರ್ಷದ ನಂತರ, 1881ರಲ್ಲಿ, ಸುಮಾರು 41.8 ಲಕ್ಷ. ಹತ್ತು ವರ್ಷದಲ್ಲಿ ಏರಬೇಕಾಗಿದ್ದ ಲೆಕ್ಕ ಎಂಟೂವರೆ ಲಕ್ಷಕ್ಕೂ ಹೆಚ್ಚು ಇಳಿದಿತ್ತು.

ಕೆರೆ ಏರಿ ಕಟ್ಟಿದ ಕೈ, ರೈಲು ಏರಿ ಕಟ್ಟಿತು

ಆಗ ಮೈಸೂರು ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. ಬರಪರಿಹಾರಕ್ಕೆಂದು ಸರ್ಕಾರ ಕೂಲಿ ಕೆಲಸಗಳನ್ನು ತೆರೆಯಿತು. ಅವುಗಳಲ್ಲಿ ಮುಖ್ಯವಾದದ್ದು ಬೆಂಗಳೂರಿನಿಂದ ಮೈಸೂರಿಗೆ ರೈಲು ದಾರಿಯ ಮಣ್ಣಿನ ಕೆಲಸ.

ರೈಲು ದಾರಿ ಅಂದರೆ ಮೊದಲು ಕಂಬಿ ಹಾಕುವುದಲ್ಲ. ತಗ್ಗಿದ್ದಲ್ಲಿ ಮಣ್ಣು ತುಂಬಿ ಏರಿ ಎತ್ತಬೇಕು, ದಿಣ್ಣೆಯಿದ್ದಲ್ಲಿ ಅಗೆದು ಸೀಳಬೇಕು, ಹಳ್ಳ ಬಂದಲ್ಲಿ ಮೋರಿ ಕಟ್ಟಬೇಕು. ಆ ಕಾಲದಲ್ಲಿ ಇದಕ್ಕೆ ಯಂತ್ರವಿರಲಿಲ್ಲ. ಗುದ್ದಲಿ, ಮಂಕರಿ, ಮನುಷ್ಯರ ತಲೆ ಇಷ್ಟೇ. ಹಳ್ಳಿಯವರಿಗೆ ಈ ಕೆಲಸ ಹೊಸದೂ ಅಲ್ಲ. ತಲೆತಲಾಂತರದಿಂದ ಕೆರೆ ಏರಿಗೆ ಮಣ್ಣು ಹೊತ್ತ ಜನ ರೈಲಿನ ಏರಿಗೂ ಮಣ್ಣು ಹೊತ್ತರು. ಹೊಟ್ಟೆಗಿಲ್ಲದ ಗಂಡಸರು, ಹೆಂಗಸರು ಹೊತ್ತ ಮಣ್ಣು ಅದು.

ಇವತ್ತು ಬೆಂಗಳೂರು ಬಿಟ್ಟು ಬಿಡದಿ, ರಾಮನಗರ ದಾಟಿ ಬರುವಾಗ ಕಿಟಕಿಯಿಂದ ನೋಡಿ. ಹೊಲದ ಮಟ್ಟಕ್ಕಿಂತ ಎತ್ತರದಲ್ಲಿ ರೈಲು ಓಡುವ ಜಾಗ ಸಿಗುತ್ತದೆ. ದಾರಿಯನ್ನು ಆಮೇಲೆ ಎಷ್ಟೋ ಸಲ ಅಗಲ ಮಾಡಿದ್ದಾರೆ, ಬದಲಿಸಿದ್ದಾರೆ. ಆದರೂ ಈ ಹಾದಿಗೆ ಮೊದಲ ಮಂಕರಿ ಮಣ್ಣು ಬಿದ್ದದ್ದು ಬರದ ಕೂಲಿಯಿಂದ.

1881ರ ಮಾರ್ಚ್ 25ರಂದು ಬ್ರಿಟಿಷರು ಸಂಸ್ಥಾನವನ್ನು ಒಡೆಯರಿಗೆ ಮರಳಿಸಿದರು. ಹತ್ತನೇ ಚಾಮರಾಜೇಂದ್ರ ಒಡೆಯರು ಪಟ್ಟಕ್ಕೆ ಬಂದರು, ರಂಗಾಚಾರ್ಲು ದಿವಾನರಾದರು. ಬರ ಬಡಿದ ಸಂಸ್ಥಾನ, ಬರಿದಾದ ಬೊಕ್ಕಸ. ಆದರೂ ರಂಗಾಚಾರ್ಲು ರೈಲು ಕೆಲಸ ನಿಲ್ಲಿಸಲಿಲ್ಲ. ಆ ವರ್ಷವೇ ಕಂಬಿ ಹಂತ ಹಂತವಾಗಿ ರಾಮನಗರ, ಚನ್ನಪಟ್ಟಣ, ಮಂಡ್ಯ ಮುಟ್ಟಿತು. ರಾಮನಗರಕ್ಕೆ ಆಗ ಕ್ಲೋಸ್‌ಪೇಟೆ ಎಂದು ಹೆಸರು. 1882ರ ಫೆಬ್ರವರಿಯಲ್ಲಿ ಮೈಸೂರಿನವರೆಗೆ ರೈಲು ಓಡಿತು. ಒಟ್ಟು 86 ಮೈಲಿ, ಇಂದಿನ ಲೆಕ್ಕದಲ್ಲಿ 138 ಕಿಲೋಮೀಟರು.

ಖರ್ಚು ಕಡಿಮೆಯಾಗಲೆಂದು ಮೀಟರ್ ಗೇಜ್ ಹಾಕಿದರು. ಎರಡು ಕಂಬಿಗಳ ನಡುವೆ ಒಂದೇ ಮೀಟರ್ ಅಂತರ. ಮದರಾಸಿನಿಂದ ಬಂದ ಹಳಿ ಬ್ರಾಡ್ ಗೇಜ್, ಅಂದರೆ 1.676 ಮೀಟರ್. ಅಲ್ಲಿಯ ಗಾಡಿ ಇಲ್ಲಿ ಓಡದು. ಮದರಾಸಿನ ಸರಕನ್ನು ಬೆಂಗಳೂರಿನಲ್ಲಿ ಒಂದು ಗಾಡಿಯಿಂದ ಇನ್ನೊಂದಕ್ಕೆ ಇಳಿಸಿ ಏರಿಸಬೇಕಿತ್ತು. ಉಳಿತಾಯಕ್ಕೆಂದು ಮಾಡಿದ ಈ ವ್ಯವಸ್ಥೆಯ ತೊಂದರೆಯನ್ನು ನೂರು ವರ್ಷಕ್ಕೂ ಹೆಚ್ಚು ಕಾಲ ಅನುಭವಿಸಿದೆವು.

ಬರದ ಪಾಠವನ್ನು ಬ್ರಿಟಿಷ್ ಸರ್ಕಾರವೂ ಕಲಿಯಿತು. 1880ರ ಕ್ಷಾಮ ಆಯೋಗ ಬರಪೀಡಿತ ನಾಡಿಗೆ ರೈಲು ಬೇಕೆಂದು ಹೇಳಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಗದಗ, ಹುಬ್ಬಳ್ಳಿ, ಬಿಜಾಪುರದ ಕಡೆ ಹಳಿ ಹರಡಿದ್ದು ಆ ಕಂಪನಿಯಿಂದ. ಹೀಗಾಗಿ ಉತ್ತರ ಕರ್ನಾಟಕದ ನಮ್ಮ ಓದುಗರ ಊರಿನ ರೈಲಿಗೂ ಅದೇ ಬರವೇ ಮೂಲ.

ಮೂರನೇ ದರ್ಜೆಯ ಜನ

ರೈಲು ಬಂದ ಮೇಲೆ ಊರುಗಳ ಕಸುಬು ಅದರ ಸುತ್ತ ಬೆಳೆಯಿತು. ರಾಮನಗರದ ರೇಷ್ಮೆ, ಚನ್ನಪಟ್ಟಣದ ಗೊಂಬೆ, ಮಂಡ್ಯದ ಬೆಲ್ಲ ಸಕ್ಕರೆ, ಎಲ್ಲ ಈ ಒಂದೇ ಹಳಿಯ ಮೇಲಿನ ಊರುಗಳು. ಮದ್ದೂರು ವಡೆ ಹುಟ್ಟಿದ್ದೂ ಮದ್ದೂರು ರೈಲ್ವೆ ಸ್ಟೇಷನ್ನಿನಲ್ಲೇ. 1917ರ ಸುಮಾರಿಗೆ ರಾಮಚಂದ್ರ ಬುಧ್ಯ ಎಂಬುವರು ರೈಲಿನ ಜನರಿಗೆಂದು ಮಾಡಿದ ತಿಂಡಿ ಇವತ್ತು ಹೆದ್ದಾರಿಯ ಹೋಟೆಲುಗಳಲ್ಲೆಲ್ಲ ಸಿಗುತ್ತದೆ. ರೈಲು ಅಲ್ಲಿ ನಿಲ್ಲುತ್ತಿದ್ದುದರಿಂದ ವಡೆ ಹುಟ್ಟಿತು. ನಿಲ್ಲದೆ ಹೋಗುವ ರೈಲು ಆ ಊರಿಗೆ ಒಂದು ವಡೆಯ ವ್ಯಾಪಾರವನ್ನೂ ಕೊಡುವುದಿಲ್ಲ.

ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಹೋದವರು ಮಹಾರಾಣಿಯವರ ಸಲೂನ್ ಬೋಗಿ ನೋಡಿರುತ್ತೀರಿ. 1899ರದ್ದು. ಅದರಲ್ಲಿ ಅಡುಗೆಗೆ, ಊಟಕ್ಕೆ, ಸ್ನಾನ ಶೌಚಕ್ಕೆ ಏರ್ಪಾಡಿತ್ತು. ಅದೇ ಕಾಲದಲ್ಲಿ ದೇಶದ ಬಹುಪಾಲು ಮೂರನೇ ದರ್ಜೆ ಗಾಡಿಗಳಲ್ಲಿ ಶೌಚಾಲಯವೇ ಇರಲಿಲ್ಲ. ಗಾಡಿ ನಿಂತಾಗ ಇಳಿದು ಓಡಬೇಕು, ಸೀಟಿ ಊದಿದಾಗ ಓಡಿ ಬಂದು ಹತ್ತಬೇಕು. ಮೂರನೇ ದರ್ಜೆಯಲ್ಲೇ ಓಡಾಡುತ್ತಿದ್ದ ಗಾಂಧೀಜಿ ಅಲ್ಲಿಯ ಕಷ್ಟವನ್ನು 1917ರಲ್ಲಿ ಬರೆದು ಪ್ರಕಟಿಸಿದರು.

ಮೂರನೇ ದರ್ಜೆ ಎಂಬ ಹೆಸರು ಹೋದದ್ದು 1974ರಲ್ಲಿ. ಅದನ್ನು ಎರಡನೇ ದರ್ಜೆ ಎಂದು ಕರೆದರು. ಇವತ್ತು ನಾವು 'ಜನರಲ್' ಅನ್ನುವ ಬೋಗಿ ಅದರ ಮಗನೋ ಮೊಮ್ಮಗನೋ ಇದ್ದ ಹಾಗೆ.

ಕೈ ಬದಲಾಯಿತು, ಹಳಿ ಅಗಲವಾಯಿತು

ಈ ದಾರಿಯ ಯಜಮಾನಿಕೆ ಹಲವು ಸಲ ಬದಲಾಗಿದೆ. 1886ರಲ್ಲಿ ಸಂಸ್ಥಾನ ಇದನ್ನು ನಡೆಸಲು ಸದರ್ನ್ ಮರಾಠಾ ಕಂಪನಿಗೆ ವಹಿಸಿತು. 1919ರಲ್ಲಿ ಮತ್ತೆ ತನ್ನ ಕೈಗೆ ತೆಗೆದುಕೊಂಡಿತು. ಸ್ವಾತಂತ್ರ್ಯದ ನಂತರ, 1951ರ ಏಪ್ರಿಲ್ 14ರಂದು ಮೈಸೂರು ಸಂಸ್ಥಾನದ ರೈಲ್ವೆ ದಕ್ಷಿಣ ರೈಲ್ವೆಯಲ್ಲಿ ಸೇರಿಹೋಯಿತು. 2003ರ ಏಪ್ರಿಲ್ 1ರಂದು ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿಯಿರುವ ನೈಋತ್ಯ ರೈಲ್ವೆ ಶುರುವಾಯಿತು. ಈಗ ನಮ್ಮ ದಾರಿ ಅದರ ಕೈಯಲ್ಲಿದೆ.

1990ರ ದಶಕದಲ್ಲಿ ಮೀಟರ್ ಗೇಜ್ ಕಿತ್ತು ಬ್ರಾಡ್ ಗೇಜ್ ಹಾಕಿದರು. ಆಮೇಲೆ ಜೋಡಿ ಹಳಿ ಬಂತು, ವಿದ್ಯುತ್ ತಂತಿ ಬಂತು. ಶ್ರೀರಂಗಪಟ್ಟಣದಲ್ಲಿ ಜೋಡಿ ಹಳಿಗೆ ಟಿಪ್ಪುವಿನ ಕಾಲದ ಶಸ್ತ್ರಾಗಾರ ಅಡ್ಡ ಬಂದಾಗ, 2017ರಲ್ಲಿ ಇಡೀ ಕಟ್ಟಡವನ್ನು ಜಾಕಿ ಕೊಟ್ಟು ಎತ್ತಿ ನೂರು ಮೀಟರಿಗೂ ಹೆಚ್ಚು ದೂರಕ್ಕೆ ಸರಿಸಿದರು. 2022ರ ನವೆಂಬರ್ 11ರಂದು ದಕ್ಷಿಣ ಭಾರತದ ಮೊದಲ ವಂದೇ ಭಾರತ್ ಇದೇ ದಾರಿಯಲ್ಲಿ ಮೈಸೂರು ಮತ್ತು ಚೆನ್ನೈ ನಡುವೆ ಓಡಲು ಶುರುಮಾಡಿತು.

ಇಷ್ಟೆಲ್ಲ ಆದರೂ ಹೆಜ್ಜಾಲ, ಶೆಟ್ಟಿಹಳ್ಳಿ, ನಿಡಘಟ್ಟ, ಹನಕೆರೆ, ಯಲಿಯೂರು, ಬ್ಯಾಡರಹಳ್ಳಿ, ನಾಗನಹಳ್ಳಿಯಂಥ ಸಣ್ಣ ಸ್ಟೇಷನ್ನಿನ ಜನ ಕಾಯುವುದು ಪ್ಯಾಸೆಂಜರ್ ಗಾಡಿಯನ್ನೇ. ವೇಗದ ಗಾಡಿ ಬಂದರೆ ಇದು ಪಕ್ಕದ ಹಳಿಗೆ ಸರಿದು ನಿಲ್ಲಬೇಕು. ಗಾರೆ ಕೆಲಸದವರು, ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು, ಕಾಲೇಜು ಹುಡುಗರು, ಆಸ್ಪತ್ರೆಗೆ ಹೋಗುವ ಮುದುಕರು ಆ ಹೊತ್ತನ್ನು ಲೆಕ್ಕ ಹಾಕಿಕೊಂಡೇ ಮನೆಯಿಂದ ಹೊರಡುತ್ತಾರೆ.

ಹತ್ತು ರೂಪಾಯಿ ಮೂವತ್ತಾದ ಕಥೆ

2020ರ ಮಾರ್ಚ್ ಕೊನೆಯ ವಾರ ಕೊರೊನಾದಿಂದಾಗಿ ದೇಶದ ಪ್ರಯಾಣಿಕರ ರೈಲುಗಳೆಲ್ಲ ನಿಂತವು. ಆಮೇಲೆ ಒಂದೊಂದಾಗಿ ಶುರುವಾದಾಗ ಪ್ಯಾಸೆಂಜರ್ ಗಾಡಿಗಳು ಹಳೆಯ ಹೆಸರಿನಲ್ಲಿ ಬರಲಿಲ್ಲ. 'ಎಕ್ಸ್‌ಪ್ರೆಸ್ ಸ್ಪೆಷಲ್' ಎಂದು ಬಂದವು. ಅದೇ ಬೋಗಿ, ಅದೇ ನಿಲ್ದಾಣಗಳು, ಅದೇ ವೇಗ. ಆದರೆ ದರ ಎಕ್ಸ್‌ಪ್ರೆಸ್ಸಿನದ್ದು. ಹತ್ತು ರೂಪಾಯಿ ಇದ್ದ ಕನಿಷ್ಠ ಟಿಕೇಟು ಮೂವತ್ತಾಯಿತು.

ಪಕ್ಕದ ಊರಿಗೆ ಹೋಗಿ ಬರಲು 20 ರೂಪಾಯಿ ಸಾಕಿದ್ದವರಿಗೆ 60 ಬೇಕಾಯಿತು. ತಿಂಗಳಿಗೆ 25 ದಿನ ಕೆಲಸಕ್ಕೆ ಹೋಗುವವರು ದಿನದಿನ ಟಿಕೇಟು ತೆಗೆದರೆ 500 ರೂಪಾಯಿ ಇದ್ದದ್ದು 1,500 ಆಗುತ್ತದೆ. ನಮ್ಮ ಕಡೆ ಎಷ್ಟೋ ಜನ ಬಸ್ಸಿಗೆ, ಶೇರ್ ಆಟೋಗೆ ತಿರುಗಿದರು. 2024ರ ಫೆಬ್ರವರಿಯಲ್ಲಿ ಹಳೆಯ ದರ ಮರಳಿತು. ಕನಿಷ್ಠ ಟಿಕೇಟು ಮತ್ತೆ ಹತ್ತು ರೂಪಾಯಿ ಆಯಿತು. ಸೊನ್ನೆಯಿಂದ ಶುರುವಾಗುತ್ತಿದ್ದ 'ಸ್ಪೆಷಲ್' ನಂಬರುಗಳು 2025ರ ಜನವರಿ 1ರಿಂದ ಹೋಗಿ ಮಾಮೂಲಿ ನಂಬರು ಬಂದವು.

ನಾಲ್ಕು ವರ್ಷ ಒಂದೇ ಗಾಡಿಗೆ ಬೇರೆ ಹೆಸರಿತ್ತು, ಆ ಹೆಸರಿಗೆ ಮೂರು ಪಟ್ಟು ದುಡ್ಡಿತ್ತು. ಈಗ ಎರಡೂ ಬಗೆಯ ಗಾಡಿ ಒಂದೇ ಪ್ಲಾಟ್‌ಫಾರ್ಮಿಗೆ ಬರುತ್ತವೆ. ಅಜ್ಜಿಗೆ ಗೊಂದಲವಾದದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಅಜ್ಜಿಯ ಪ್ರಶ್ನೆಗೆ ಉತ್ತರ

ಈಗ ವಿಷಯಕ್ಕೆ ಬರೋಣ. ಇದನ್ನು ಫೋನಿನಲ್ಲಿ ಓದುವವರು ಮನೆಯ ಹಿರಿಯರಿಗೂ ಓದಿ ಹೇಳಿ.

ನಂಬರು ನೋಡಿ: 2010ರ ಡಿಸೆಂಬರಿನಿಂದ ಎಲ್ಲ ಗಾಡಿಗೂ ಐದು ಅಂಕಿಯ ನಂಬರಿದೆ. ಮೊದಲ ಅಂಕಿ 5 ಇದ್ದರೆ ಇಂಜಿನ್ ಎಳೆಯುವ ಪ್ಯಾಸೆಂಜರ್. 6 ಇದ್ದರೆ ಮೆಮು, 7 ಇದ್ದರೆ ಡೆಮು. ಇವು ಸಣ್ಣ ಊರುಗಳಲ್ಲಿ ನಿಲ್ಲುವ ಗಾಡಿಗಳು. 1 ಅಥವಾ 2 ಇದ್ದರೆ ಎಕ್ಸ್‌ಪ್ರೆಸ್, ಸೂಪರ್‌ಫಾಸ್ಟ್ ಜಾತಿ. 0 ಇದ್ದರೆ ಸ್ಪೆಷಲ್, ಅದರ ದರ ಕೇಳಿಕೊಂಡೇ ಹತ್ತಿ.

ಟಿಕೇಟು ಕೇಳುವ ರೀತಿ: ಕೌಂಟರಿನಲ್ಲಿ ಬರೀ "ಮೈಸೂರಿಗೆ ಒಂದು" ಅನ್ನಬೇಡಿ. "ಮೈಸೂರಿಗೆ ಪ್ಯಾಸೆಂಜರ್ ಒಂದು" ಅಥವಾ "ಎಕ್ಸ್‌ಪ್ರೆಸ್ ಒಂದು" ಎನ್ನಿ. ಎಕ್ಸ್‌ಪ್ರೆಸ್ ಟಿಕೇಟು ಇದ್ದರೆ ಪ್ಯಾಸೆಂಜರಿನಲ್ಲಿ ಹೋಗಬಹುದು. ಪ್ಯಾಸೆಂಜರ್ ಟಿಕೇಟಿನಲ್ಲಿ ಎಕ್ಸ್‌ಪ್ರೆಸ್ ಹತ್ತುವಂತಿಲ್ಲ. ಸೂಪರ್‌ಫಾಸ್ಟ್ ಗಾಡಿಯಾದರೆ ಎರಡನೇ ದರ್ಜೆಗೂ 15 ರೂಪಾಯಿ ಹೆಚ್ಚುವರಿ ಇದೆ.

ದಂಡ: ಟಿಕೇಟು ಇಲ್ಲದಿದ್ದರೆ ದರದ ಜೊತೆ ಕನಿಷ್ಠ 250 ರೂಪಾಯಿ. ತಪ್ಪು ಗಾಡಿ ಹತ್ತಿದರೂ ದರದ ವ್ಯತ್ಯಾಸದ ಮೇಲೆ ಈ ದಂಡ ಬೀಳುತ್ತದೆ. ಅಜ್ಜಿ ಕಟ್ಟಿದ್ದು ಇದನ್ನೇ. ದಂಡ ಕಟ್ಟಿದರೆ ರಸೀದಿ ತಪ್ಪದೆ ಕೇಳಿ ಪಡೆಯಿರಿ.

ಎಷ್ಟು ಹೊತ್ತು ನಡೆಯುತ್ತದೆ: 199 ಕಿಲೋಮೀಟರಿನವರೆಗಿನ ಜನರಲ್ ಟಿಕೇಟು ತೆಗೆದ ಮೂರು ಗಂಟೆಯೊಳಗೆ, ಇಲ್ಲವೇ ಆಮೇಲೆ ಆ ಊರಿಗೆ ಹೊರಡುವ ಮೊದಲ ಗಾಡಿಯ ಹೊತ್ತಿನೊಳಗೆ ಪ್ರಯಾಣ ಶುರುಮಾಡಬೇಕು. ಎರಡರಲ್ಲಿ ಯಾವುದು ತಡವೋ ಅದು ಲೆಕ್ಕ. ಬೆಂಗಳೂರು–ಮೈಸೂರು ದಾರಿಯೆಲ್ಲ ಈ ಮಿತಿಯೊಳಗೇ ಬರುತ್ತದೆ. ಬೆಳಿಗ್ಗೆ ತೆಗೆದ ಟಿಕೇಟನ್ನು ಸಂಜೆಗೆ ಇಟ್ಟುಕೊಳ್ಳಬೇಡಿ.

ಪಾಸು: 150 ಕಿಲೋಮೀಟರಿನೊಳಗೆ ತಿಂಗಳ ಪಾಸು, ಮೂರು ತಿಂಗಳ ಪಾಸು ಸಿಗುತ್ತದೆ. ದಿನಾ ಓಡಾಡುವವರಿಗೆ ದಿನದಿನದ ಟಿಕೇಟಿಗಿಂತ ಬಹಳ ಅಗ್ಗ. ಎಲ್ಲ ಎಕ್ಸ್‌ಪ್ರೆಸ್ಸಿಗೂ ಪಾಸು ನಡೆಯುವುದಿಲ್ಲ, ಯಾವುದಕ್ಕೆ ನಡೆಯುತ್ತದೆ ಎಂದು ಸ್ಟೇಷನ್ನಿನಲ್ಲಿ ಕೇಳಿಕೊಳ್ಳಿ. ಹೆಣ್ಣುಮಕ್ಕಳಿಗೆ ಪದವಿಯವರೆಗೆ, ಗಂಡುಮಕ್ಕಳಿಗೆ 12ನೇ ತರಗತಿಯವರೆಗೆ ಮನೆಯಿಂದ ಶಾಲೆ ಕಾಲೇಜಿಗೆ ಎರಡನೇ ದರ್ಜೆಯ ತಿಂಗಳ ಪಾಸು ಉಚಿತ. ಶಾಲೆಯ ಪ್ರಮಾಣಪತ್ರ ಬೇಕು. ಇದು ಗೊತ್ತಿಲ್ಲದೆ ದುಡ್ಡು ಕೊಡುವ ಮನೆಗಳನ್ನು ನಾವೇ ನೋಡಿದ್ದೇವೆ.

ಮಕ್ಕಳು: ಐದು ವರ್ಷ ತುಂಬುವವರೆಗೆ ಟಿಕೇಟಿಲ್ಲ. ಐದರಿಂದ ಹನ್ನೆರಡರೊಳಗೆ ಜನರಲ್ ಬೋಗಿಯಲ್ಲಿ ಅರ್ಧ ಟಿಕೇಟು.

ಫೋನಿನಲ್ಲಿ ಟಿಕೇಟು: ರೈಲ್ವೆಯ 'ರೈಲ್‌ಒನ್' ಆ್ಯಪಿನಲ್ಲಿ ಜನರಲ್ ಟಿಕೇಟು ತೆಗೆಯಬಹುದು. ಸ್ಟೇಷನ್ನಿಗೆ ಬರುವ ಮೊದಲೇ ತೆಗೆಯಿರಿ, ರೈಲಿನೊಳಗೆ ಕೂತು ತೆಗೆಯಲು ಆಗುವುದಿಲ್ಲ. ಅಲ್ಲೂ ಗಾಡಿಯ ಬಗೆ ಸರಿಯಾಗಿ ಆರಿಸಬೇಕು. ಏನಾದರೂ ತೊಂದರೆಯಾದರೆ 139ಕ್ಕೆ ಕರೆ ಮಾಡಿ.

ರಾತ್ರಿಯ ಗಾಡಿ: ರೈಲ್ವೆ ಗಡಿಯಾರಕ್ಕೆ ಮಧ್ಯರಾತ್ರಿ 12ಕ್ಕೆ ತಾರೀಕು ಬದಲಾಗುತ್ತದೆ. ಟಿಕೇಟಿನಲ್ಲಿ 5ನೇ ತಾರೀಕು 00:15 ಎಂದಿದ್ದರೆ 4ನೇ ತಾರೀಕು ರಾತ್ರಿ ಊಟ ಮಾಡಿ ಹೊರಡಬೇಕು. 5ರ ರಾತ್ರಿ ಹೋದರೆ ಗಾಡಿ ಹಿಂದಿನ ರಾತ್ರಿಯೇ ಹೋಗಿರುತ್ತದೆ.

ಟಿಕೇಟು ಯಾಕೆ ನಮ್ಮ ಊರಲ್ಲೇ ತೆಗೆಯಬೇಕು

ಕೊನೆಯದಾಗಿ ಒಂದು ಮಾತು. ಸಣ್ಣ ಸ್ಟೇಷನ್ನಿನಲ್ಲಿ ಎಷ್ಟು ಜನ ಹತ್ತುತ್ತಾರೆ ಎಂದು ಎಣಿಸಲು ಯಾರೂ ನಿಂತಿರುವುದಿಲ್ಲ. ಮೇಲಿನ ಕಚೇರಿಗೆ ಹೋಗುವುದು ಮಾರಾಟವಾದ ಟಿಕೇಟಿನ ಲೆಕ್ಕ. ಆದಾಯವಿಲ್ಲದ ಸಣ್ಣ ನಿಲ್ದಾಣಗಳನ್ನು ಮುಚ್ಚುವ ಪ್ರಸ್ತಾಪ ದೇಶದ ಒಂದಲ್ಲ ಒಂದು ಕಡೆ ಬರುತ್ತಲೇ ಇರುತ್ತದೆ. "ಎರಡೇ ಸ್ಟೇಷನ್, ಯಾರು ಕೇಳ್ತಾರೆ" ಎಂದು ಟಿಕೇಟಿಲ್ಲದೆ ಹತ್ತಿದರೆ ದಂಡದ ಭಯ ಒಂದು ಕಡೆ, ನಮ್ಮೂರಿನಿಂದ ಯಾರೂ ಹತ್ತಲೇ ಇಲ್ಲ ಎಂಬ ದಾಖಲೆ ಇನ್ನೊಂದು ಕಡೆ. ಮುಂದೆ ಊರಿನವರು "ಇಲ್ಲಿ ಗಾಡಿ ನಿಲ್ಲಿಸಿ" ಎಂದು ಅರ್ಜಿ ಕೊಟ್ಟಾಗ ಆ ದಾಖಲೆಯೇ ನಮ್ಮ ವಿರುದ್ಧ ಸಾಕ್ಷಿ ಹೇಳುತ್ತದೆ. ಹತ್ತು ರೂಪಾಯಿಯ ಟಿಕೇಟು ಅರ್ಜಿಗಿಂತ ಗಟ್ಟಿ.

ಧಾತು ಈಶ್ವರದ ಬರದಲ್ಲಿ ಈ ದಾರಿಗೆ ಮಣ್ಣು ಹೊತ್ತವರ ಹೆಸರು ಯಾವ ಸ್ಟೇಷನ್ನಿನ ಗೋಡೆಯ ಮೇಲೂ ಇಲ್ಲ. ಅವರಲ್ಲಿ ಹಲವರು ರೈಲು ಓಡುವುದನ್ನು ನೋಡಲು ಬದುಕಿರಲಿಲ್ಲ. ನಿಲ್ಲುವ ಗಾಡಿ ಬೇಕೆಂದು ಕೇಳುವಾಗ ನಾವು ಯಾರ ದಾನವನ್ನೂ ಕೇಳುತ್ತಿಲ್ಲ ಎಂಬುದು ನೆನಪಿರಲಿ.

ಆ ದಿನ ಮೈಸೂರಿನಲ್ಲಿ ಇಳಿದಾಗ ಅಜ್ಜಿಯ ಮೂಟೆ ಇಳಿಸಿಕೊಟ್ಟೆವು. ನಂಬರಿನ ಮೊದಲ ಅಂಕಿಯ ವಿಷಯ ಹೇಳಿದೆವು. "ನಂಗೆ ಓದಕ್ ಬರಾಕಿಲ್ಲ ಕಣಪ್ಪ" ಅಂದರು. "ಹಂಗಾರೆ ಹತ್ತೋಕ್ ಮುಂಚೆ ಕೇಳಿ ಅಜ್ಜಿ, 'ಇದು ಪ್ಯಾಸೆಂಜರಾ' ಅಂತ" ಅಂದೆವು. ಎರಡು ಸಲ ಬಾಯಲ್ಲಿ ಹೇಳಿಕೊಂಡು ಮೂಟೆ ತಲೆಗೆ ಏರಿಸಿಕೊಂಡರು.

ನಿಮ್ಮ ಪಕ್ಕದಲ್ಲಿ ನಿಂತವರು ಹಾಗೆ ಕೇಳಿದರೆ, ಫೋನಿನಿಂದ ತಲೆಯೆತ್ತಿ ಒಂದು ಉತ್ತರ ಹೇಳಿ.